ಬೆರಳಿಗೆ ಆಕ್ಸಿಮೀಟರ್, ಎದೆಯಲ್ಲಿ ಡವಡವ

ಓದುಗರ ಪತ್ರ: ಕೋವಿಡ್ ಕಾಲದಲ್ಲಿ ಅಂಟಿದ ಚಾಳಿ ಇನ್ನೂ ಬಿಟ್ಟಿಲ್ಲ. ಎಲ್ಲೋ ಹೊಸ ಜ್ವರದ ಸುದ್ದಿ ಬಂದರೆ ಸಾಕು, ದಿನಕ್ಕೆ ಹತ್ತಿಪ್ಪತ್ತು ಸಲ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್‌ಗೆ ಬೆರಳು ಕೊಡುತ್ತೇನೆ. ಅಕ್ಕನಿಗೆ ಫೋನ್ ಮಾಡಿ ‘ನನಗೇನೂ ಆಗಿಲ್ಲ ತಾನೆ?’ ಅನ್ನುತ್ತೇನೆ. ‘ಏನೂ ಇಲ್ಲ’ ಅಂದರೆ ಅರ್ಧ ಗಂಟೆ ನಿರಾಳ, ಆಮೇಲೆ ಮತ್ತದೇ. ಯಾರ ಹತ್ತಿರ ಹೇಳಿಕೊಳ್ಳಲಿ?

ಸಂಪಾದಕರ ಉತ್ತರ: ಅಕ್ಕನ ಹತ್ತಿರವೇ ಹೇಳಿಕೊಳ್ಳಿ, ಆದರೆ ಕೇಳುವ ರೀತಿ ಬದಲಾಗಲಿ. ಆ ಅರ್ಧ ಗಂಟೆಯ ನಿರಾಳವೇ ನಿಮ್ಮನ್ನು ಕಟ್ಟಿಹಾಕಿದೆ. ಕೇಳಿದ್ದರಿಂದಲೇ ಅಪಾಯ ತಪ್ಪಿತೆಂದು ಮನಸ್ಸು ನಂಬಿ, ಮುಂದಿನ ಸಲ ಇನ್ನೂ ಬೇಗ ಕೇಳಿಸುತ್ತದೆ.

ಮೊದಲು ಆಕ್ಸಿಮೀಟರ್. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ, ಬೆರಳು ಅಲುಗಿದರೆ ಅಂಕಿ ಸುಳ್ಳೇ ಇಳಿಯಬಹುದು. ಶೇಕಡಾ 98 ಇದ್ದದ್ದು 96 ಆಗುವುದು ಮಾಮೂಲು. ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದು ತುಟಿ, ಬೆರಳು ಜುಮ್ಮೆನ್ನುತ್ತವೆ, ತಲೆ ತಿರುಗುತ್ತದೆ; ಆಕ್ಸಿಜನ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆಗ ಹಲವರು ಜೋರಾಗಿ ಉಸಿರೆಳೆದುಕೊಂಡು ಕೆಲಸ ಇನ್ನಷ್ಟು ಕೆಡಿಸಿಕೊಳ್ಳುತ್ತಾರೆ. ನಾಲ್ಕು ಎಣಿಸುವಷ್ಟು ಮೆಲ್ಲಗೆ ಒಳಗೆ, ಆರು ಎಣಿಸುವಷ್ಟು ಹೊರಗೆ, ಹೀಗೆ ಐದು ನಿಮಿಷ.

ಮೈ ಚೆನ್ನಾಗಿದ್ದಾಗ ಆಕ್ಸಿಮೀಟರ್ ಕಪಾಟಿನಲ್ಲಿರಲಿ. ಸೋಂಕು ತಗುಲಿದರೆ ವೈದ್ಯರು ಹೇಳಿದಷ್ಟು ಸಲ ನೋಡಿ. ಸುಮ್ಮನೆ ಕೂತಾಗಲೂ ಏದುಸಿರು, ಎದೆನೋವು, ಇಲ್ಲವೇ ಬೆಚ್ಚಗಿನ ಬೆರಳಲ್ಲೂ ಮತ್ತೆ ಮತ್ತೆ 94ಕ್ಕಿಂತ ಕಡಿಮೆ ಅಂಕಿ ಕಂಡರೆ ಅದನ್ನು ಆತಂಕದ ಲೆಕ್ಕಕ್ಕೆ ಬರೆಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನು ಅಕ್ಕನಿಗೆ ಮೊದಲೇ ಹೇಳಿಡಿ: ‘ನಾನು ಕೇಳಿದರೆ ಏನೂ ಇಲ್ಲ ಅನ್ನಬೇಡ, ಹೆದರಿಕೆ ಆಗ್ತಿದೆಯಾ ಅಂತ ಕೇಳು, ಹತ್ತು ನಿಮಿಷ ಬೇರೆ ಮಾತಾಡು.’ ಫೋನ್ ಎತ್ತುವ ಮುನ್ನ 10 ನಿಮಿಷ ತಡೆಯಿರಿ, ನಾಲ್ಕಾರು ದಿನ ಕಳೆದ ಮೇಲೆ 20. ಮೊದಲೆರಡು ದಿನ ತಳಮಳ ಹೆಚ್ಚೇ ಆಗುತ್ತದೆ. ಇದು ಫಲಿಸಲಿಲ್ಲವೆಂದು ಜನ ಕೈಬಿಡುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ‘ಸಾಮಾಜಿಕ ಅಂತರ’ದ ಬದಲು ‘ದೈಹಿಕ ಅಂತರ’ ಎನ್ನತೊಡಗಿದ್ದು ದೂರವಿದ್ದರೂ ಇಂಥ ಮಾತುಕತೆ ನಿಲ್ಲದಿರಲೆಂದೇ. ಹಳೆಯ ಪದವೇ ಬಾಯಲ್ಲಿ ಉಳಿದುಬಿಟ್ಟಿತು, ಬಿಡಿ. ಸುದ್ದಿ ನೋಡುವುದು ದಿನಕ್ಕೆ ಒಂದೆರಡು ಸಲ ಸಾಕೆಂದೂ ಆ ಸಂಸ್ಥೆ ಹೇಳಿತ್ತು.

ಎರಡು ವಾರವಾದರೂ ನಿದ್ದೆ, ಕೆಲಸ ಕೆಡುತ್ತಲೇ ಇದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಸಾಯುವ ಯೋಚನೆ ಸುಳಿದರೆ ಅಂದೇ ಹೋಗಿ. ಎದುರು ಕೂತಾಗ ಮಾತು ಹೊರಡದೆ ‘ಸ್ವಲ್ಪ ಟೆನ್ಷನ್’ ಅಂದು ಎದ್ದು ಬರುವವರೇ ಹೆಚ್ಚು. ಅದಕ್ಕೇ ಒಂದು ಚೀಟಿ ಒಯ್ಯಿರಿ: ದಿನಕ್ಕೆ ಎಷ್ಟು ಸಲ ಬೆರಳು ಕೊಟ್ಟಿರಿ, ಎಷ್ಟು ಗಂಟೆ ಮಲಗಿದಿರಿ, ಹೆದರಿ ಏನೇನು ಬಿಟ್ಟಿರಿ.