ಬಲೂನ್ ಇಳಿಯೋವಾಗ ಅಮ್ಮನ ಮಂಡಿ ತಡ್ಕೊಳ್ಳತ್ತಾ?

ಪ್ರಶ್ನೆ: ಮೇಡಂ, ನಾವು ಮಂಡ್ಯದವರು. ನನ್ ತಮ್ಮ ಈ ಸಲ ಎಲ್ಲರನ್ನೂ ಟರ್ಕಿಗೆ ಕರ್ಕೊಂಡು ಹೋಗ್ತಿದಾನೆ, ಕಪಡೋಕಿಯಾದಲ್ಲಿ ಹಾಟ್ ಏರ್ ಬಲೂನ್ ಬುಕ್ ಮಾಡಿದಾನೆ. ಅಮ್ಮಂಗೆ 63 ವರ್ಷ, ಮಂಡಿನೋವು ಇದೆ, ಆದ್ರೂ ಹತ್ತಲೇಬೇಕು ಅಂತಾರೆ. ಮೊನ್ನೆ ಒಂದು ವಿಡಿಯೋದಲ್ಲಿ ಬುಟ್ಟಿ ನೆಲಕ್ಕೆ ಬಡಿದು ಮಗುಚಿಕೊಂಡು ಅಷ್ಟು ದೂರ ಎಳ್ಕೊಂಡು ಹೋಗಿದ್ದು ನೋಡ್ದೆ, ಆವತ್ತಿಂದ ಭಯ. ಕಳಿಸ್ಲಾ ಬೇಡ್ವಾ?
– ಓದುಗರು, ಮಂಡ್ಯ

ಉತ್ತರ: ನೀವು ಭಯ ಪಟ್ಟಿದ್ದು ಸರಿಯಾದ ಜಾಗಕ್ಕೇ. ಬಲೂನಲ್ಲಿ ಮೇಲೆ ಹೋಗೋದು ಸಲೀಸು, ಕಾಲು ಮುರ್ಕೊಳ್ಳೋದೆಲ್ಲ ಸಾಮಾನ್ಯವಾಗಿ ಇಳಿಯೋವಾಗ್ಲೇ.

ಅದಕ್ಕೆ ಬ್ರೇಕೂ ಇಲ್ಲ ಸ್ಟೀರಿಂಗೂ ಇಲ್ಲ, ಗಾಳಿ ಎಷ್ಟು ಜೋರೋ ಅದೂ ಅಷ್ಟೇ ಜೋರು. ಪೈಲಟ್ ಕೈಲಿರೋದು ಬರ್ನರ್ ಹಚ್ಚಿ ಏರಿಸೋದು, ಹಗ್ಗ ಎಳೆದು ಮೇಲ್ಗಡೆ ಬಿಸಿಗಾಳಿ ಬಿಟ್ಟು ಇಳಿಸೋದು ಇಷ್ಟೇ. ಬುಟ್ಟಿ ನೆಲ ಮುಟ್ಟಿದ ಮೇಲೂ ಆ ದೊಡ್ಡ ಬಟ್ಟೆ ದೋಣಿ ಹಾಯಿ ಥರ ಗಾಳಿ ಹಿಡಿಯತ್ತೆ, ಅದಕ್ಕೇ ಬುಟ್ಟಿ ವಾಲಿ ಎಳ್ಕೊಂಡು ಹೋಗತ್ತೆ, ನೀವು ನೋಡಿದ್ದು ಇದನ್ನೇ. ಗಾಳಿ ಇದ್ದ ದಿನ ಹಂಗಾಗೋದು ಮಾಮೂಲು, ಒಳಗಿರೋರು ಪೈಲಟ್ ಹೇಳಿದಂಗೆ ಇದ್ರೆ ಸಾಮಾನ್ಯವಾಗಿ ಏನೂ ಆಗಲ್ಲ. ಬುಟ್ಟಿನ ಬೆತ್ತದಲ್ಲಿ ಹೆಣೆಯೋದೂ ಅದಕ್ಕೇನೇ, ಬೆತ್ತ ಬಳುಕಿ ಏಟು ತಿನ್ನತ್ತೆ.

ಮೈಸೂರು ಬಸ್ಸಲ್ಲಿ ನಿಂತಿದ್ದಾಗ ಡ್ರೈವರ್ ಸಡನ್ನಾಗಿ ಬ್ರೇಕ್ ಹಾಕಿದ್ರೆ ಎಲ್ರೂ ಮುಂದಕ್ಕೆ ಮುಗ್ಗರಿಸ್ತಾರಲ್ಲ, ಇಲ್ಲೂ ಅದೇ. ಅದಕ್ಕೆ ದೊಡ್ಡ ಬುಟ್ಟಿಗಳಲ್ಲಿ ಸಾಮಾನ್ಯವಾಗಿ ಹೋಗ್ತಿರೋ ದಿಕ್ಕಿಗೆ ಬೆನ್ನು ಮಾಡಿ, ಬೆನ್ನನ್ನ ಗೋಡೆಗೆ ಆನಿಸಿ, ಮಂಡಿ ಸ್ವಲ್ಪ ಬಗ್ಗಿಸಿ, ಒಳಗಡೆ ಇರೋ ಹಗ್ಗದ ಹಿಡಿನ ಎರಡೂ ಕೈಲಿ ಹಿಡ್ಕೊಳ್ಳಿ ಅಂತಾರೆ. ಬುಟ್ಟಿ ನೋಡಿ ಇದು ಬದಲಾಗತ್ತೆ, ಆವತ್ತಿನ ಪೈಲಟ್ ಹೇಳಿದ್ದೇ ಕೊನೆ ಮಾತು. ಕಾಲು ನೆಟ್ಟಗೆ ಸೆಟೆದು ನಿಂತ್ರೆ ಏಟು ಸೀದಾ ಮಂಡಿಗೆ ಬೆನ್ನಿಗೆ ಹೋಗತ್ತೆ. ಕೈ ಬುಟ್ಟಿಯಿಂದ ಆಚೆ ಇಡಬಾರ್ದು, ಮೊಬೈಲು ಮೊದ್ಲೇ ಬ್ಯಾಗಿಗೆ ಹೋಗ್ಬೇಕು. ಲ್ಯಾಂಡಿಂಗ್ ವಿಡಿಯೋ ಮಾಡ್ತೀನಿ ಅಂತ ನಿಮ್ ತಮ್ಮ ಹೊರಟ್ರೆ ದಯವಿಟ್ಟು ಬೈದು ನಿಲ್ಸಿ.

ಎಲ್ಲಕ್ಕಿಂತ ಮುಖ್ಯ, ನೆಲ ಮುಟ್ತು ಅಂತ ಯಾರೂ ತಾವಾಗೇ ಇಳೀಬಾರ್ದು. ಒಬ್ರು ಇಳಿದ್ರೆ ಅಷ್ಟು ಭಾರ ಕಮ್ಮಿ, ಬಲೂನು ಮಿಕ್ಕೋರನ್ನ ಹೊತ್ಕೊಂಡು ಮತ್ತೆ ಏಳಬಹುದು. 2013ರ ಫೆಬ್ರವರಿ 26ರಂದು ಈಜಿಪ್ಟಿನ ಲಕ್ಸರಲ್ಲಿ ಇಳಿಯೋ ಹೊತ್ತಲ್ಲಿ ಬೆಂಕಿ ಹತ್ಕೊಳ್ತು, ಪೈಲಟ್ಟೂ ಒಬ್ಬ ಪ್ರಯಾಣಿಕನೂ ಆಚೆ ಬಂದ್ರು, ಹಗುರಾದ ಬಲೂನು ಜೋರಾಗಿ ಮೇಲಕ್ಕೆ ಹೋಗಿ ಕೆಳಗೆ ಬಿತ್ತು, 21 ಜನದಲ್ಲಿ 19 ಜನ ಹೋದ್ರು. ಬೆಂಕಿ ಬೀಳೋದು ಅಪರೂಪ, ನಿಮ್ಮನ್ನ ಹೆದರಿಸೋಕೆ ಹೇಳ್ತಿಲ್ಲ, ಭಾರ ಕಮ್ಮಿ ಆದ್ರೆ ಏನಾಗತ್ತೆ ಅನ್ನೋದು ಮನೇಲಿ ಎಲ್ಲರಿಗೂ ಗೊತ್ತಿರ್ಲಿ ಅಂತ.

ಪೈಲಟ್ ಒಂದ್ ಜಾಗ ಬಿಟ್ಟು ಇನ್ನೊಂದ್ ಕಡೆ ಹೋದ್ರೆ ಗಾಬರಿ ಬೇಡ, ಅವರು ತಪ್ಪಿಸ್ತಿರೋದು ಹೆಚ್ಚಾಗಿ ಕರೆಂಟ್ ಲೈನನ್ನ. 2012ರಲ್ಲಿ ನ್ಯೂಜಿಲೆಂಡಿನ ಕಾರ್ಟರ್ಟನ್ ಹತ್ರ ಲೈನಿಗೆ ತಗುಲಿ 11 ಜನ ಸತ್ರು. ಗಾಳಿ ಸರಿ ಇಲ್ಲ ಅಂತ ಬೆಳಿಗ್ಗೆ ಕ್ಯಾನ್ಸಲ್ ಮಾಡಿದ್ರೂ ಜಗಳ ಆಡ್ಬೇಡಿ.

ಈಗ ಅಮ್ಮನ ವಿಷಯ. ಕಪಡೋಕಿಯಾದಲ್ಲಿ ಗಾಳಿ ಶಾಂತವಾಗಿದ್ರೆ ಬುಟ್ಟಿನ ಟ್ರೈಲರ್ ಮೇಲೇ ಇಳಿಸ್ತಾರೆ, ಅಂಥ ದಿನ ಕುಲುಕೋದೂ ಕಮ್ಮಿ. ಆದ್ರೆ ಅಂಥ ದಿನವೇ ಸಿಗತ್ತೆ ಅಂತ ನಂಬ್ಕೊಂಡು ಹೋಗೋಕಾಗಲ್ಲ. ಇವತ್ತೇ ಅಡುಗೆಮನೆ ಕಟ್ಟೆ ಹಿಡ್ಕೊಂಡು ಮಂಡಿ ಬಗ್ಗಿಸಿ ಒಂದು ನಿಮಿಷ ನಿಲ್ಲೋಕೆ ಹೇಳಿ. ಬುಟ್ಟಿ ಹತ್ತೋದೂ ಅದರ ಮೈಯಲ್ಲಿರೋ ತೂತಿಗೆ ಕಾಲಿಟ್ಟೇ, ಹಂಗಾಗಿ ಸೀರೆ ಬೇಡ, ಚೂಡಿದಾರ್ ಹಾಕ್ಲಿ, ಜೊತೆಗೆ ಶೂ. ನಿಲ್ಲೋಕಾಗ್ಲಿಲ್ಲ ಅಂದ್ರೆ, ಇಲ್ಲ ಮೂಳೆ ಸವೆದಿದೆ, ಈಚೆಗೆ ಆಪರೇಷನ್ ಆಗಿದೆ ಅಂದ್ರೆ ನಾನಂತೂ ಕಳಿಸಲ್ಲ. ನಿಂತ್ರೆ ಒಂದ್ಸಲ ಡಾಕ್ಟ್ರ ಹತ್ರ ಕೇಳಿ, ಬುಕ್ ಮಾಡಿದೋರಿಗೂ ಮಂಡಿ ವಿಷಯ ಮುಚ್ಚಿಡದೆ ಹೇಳಿ, ಬುಟ್ಟಿಯಲ್ಲಿ ಅಮ್ಮನ ಪಕ್ಕ ನೀವೇ ನಿಂತ್ಕೊಳ್ಳಿ.