ಹಪ್ಪಳ, ಎಣ್ಣೆ ಪಾರ್ಸೆಲ್‌ಗೆ ಕೊರಿಯರ್ ರೂಲ್

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಹಲಸಿನ ಹಪ್ಪಳ, ತೆಂಗಿನೆಣ್ಣೆ ಕಳಿಸ್ತೇನೆ, ಆರ್ಡರ್ ಬಂದ ಕೂಡಲೇ ಕೊರಿಯರ್ ತಾನಾಗಿ ಆಯ್ಕೆಯಾಗಲು ಶಿಪ್ಪಿಂಗ್ ಆ್ಯಪ್‌ನಲ್ಲಿ ರೂಲ್ ಹೇಗೆ ಹಾಕೋದು ಅಂತ ಕೇಳಿದ್ದೀರಿ. ರೂಲ್‌ಗಳು ಸಾಮಾನ್ಯವಾಗಿ ಮೇಲಿನಿಂದ ಕೆಳಗೆ ಓಡುತ್ತವೆ, ಮೊದಲು ಹೊಂದಿದ್ದೇ ಗೆಲ್ಲುತ್ತದೆ. ಹಾಗಾಗಿ ಎಣ್ಣೆಯದ್ದು ಎಲ್ಲಕ್ಕಿಂತ ಮೇಲಿರಲಿ: ಸರ್ಫೇಸ್ (ನೆಲದ ಮೇಲಿನ ಸಾಗಣೆ) ಮಾತ್ರ, ಏರ್ (ವಿಮಾನ) ಬೇಡ.

ಆಮೇಲೆ ತೂಕ. ಹಪ್ಪಳ ಹಗುರ ಅಂತ ಸುಮ್ನೆ ತಕ್ಕಡಿ ನಂಬಬೇಡಿ. ಕೊರಿಯರ್‌ನವರು ಬಾಕ್ಸ್‌ನ ಗಾತ್ರದಿಂದಲೂ ತೂಕ ಲೆಕ್ಕ ಹಾಕ್ತಾರೆ: ಉದ್ದ, ಅಗಲ, ಎತ್ತರ ಗುಣಿಸಿ ಒಂದು ಸಂಖ್ಯೆಯಿಂದ ಭಾಗಿಸ್ತಾರೆ. 30×25×20 ಸೆಂ.ಮೀ. ಬಾಕ್ಸ್ ಅಂದ್ರೆ, 5000ದಿಂದ ಭಾಗಿಸುವ ಕೊರಿಯರ್‌ಗೆ ಅದು 3 ಕೆಜಿ. ಒಳಗೆ ಒಂದೇ ಕೆಜಿ ಇದ್ದರೂ ಸರಿ! ಪ್ರತಿ ಐಟಂಗೂ ಬಾಕ್ಸ್ ಅಳತೆ ತುಂಬಿ.

ರಾಜ್ಯದ ಹೆಸರಿನ ಮೇಲೆ ರೂಲ್ ಬೇಡ. ನಮಗೆ ಮಂಗಳೂರು ಹತ್ತಿರ, ತಿರುವನಂತಪುರ ದೂರ ಅಲ್ವಾ? ಪಿನ್‌ಕೋಡ್‌ನ ಮೊದಲ ಮೂರು ಅಂಕೆ ಹಿಡಿಯಿರಿ: ಮಂಗಳೂರು 575, ತಿರುವನಂತಪುರ 695. ಯಾವುದಕ್ಕೂ ಹೊಂದದ ಆರ್ಡರ್‌ಗೆ ಕೊನೆಯಲ್ಲಿ ಸ್ಪೀಡ್ ಪೋಸ್ಟ್ ಇಡಿ.