ಓದುಗರ ಪ್ರಶ್ನೆಗೆ ಉತ್ತರ: ಮನೆಯಲ್ಲಿ ಉಳಿದುಬಿಡುವ ವೇಪ್ ವಾಸನೆ

ಪ್ರಶ್ನೆ: ಒಂದೂವರೆ ವರ್ಷದಿಂದ ವೇಪ್ (ಇ-ಸಿಗರೇಟ್) ಸೇದುತ್ತಿದ್ದೇನೆ. ಹೆಂಡತಿಗೆ ಯಾವ ಸುಗಂಧವೂ ಆಗಿಬರುವುದಿಲ್ಲ, ಅರ್ಧ ಗಂಟೆಯಲ್ಲಿ ತಲೆನೋವು ಶುರುವಾಗುತ್ತದೆ. ಒಂದು ತಿಂಗಳಿಂದ ಮನೆಯೊಳಗೆ ಸೇದುವುದನ್ನು ಪೂರ್ತಿ ಬಿಟ್ಟಿದ್ದೇನೆ. ಆದರೂ ಹಾಲ್‌ಗೆ ಕಾಲಿಟ್ಟರೆ ವೆನಿಲ್ಲಾ ವಾಸನೆ ಎನ್ನುತ್ತಾಳೆ. ನನಗಂತೂ ಏನೂ ಗೊತ್ತಾಗುವುದಿಲ್ಲ. ಇಲ್ಲದ ವಾಸನೆ ಅವಳಿಗೊಬ್ಬಳಿಗೆ ಹೇಗೆ ಬರುತ್ತದೆ?

ಉತ್ತರ: ವಾಸನೆ ಇದೆ. ನಿಮ್ಮ ಮೂಗಿಗೆ ಅದು ಒಗ್ಗಿಹೋಗಿದೆ, ಅಷ್ಟೇ. ದಿನವಿಡೀ ಒಂದೇ ವಾಸನೆಯ ನಡುವೆ ಇರುವ ಮೂಗು ಸ್ವಲ್ಪ ಹೊತ್ತಿನಲ್ಲೇ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದನ್ನು ಬಿಡುತ್ತದೆ. ಹಾಗಾಗಿ ಈ ವಿಷಯದಲ್ಲಿ ನಿಮ್ಮ ಸಾಕ್ಷಿ ನಡೆಯುವುದಿಲ್ಲ.

ವೇಪ್‌ನಿಂದ ಬರುವುದನ್ನು ಆವಿ ಎಂದು ಕರೆಯುತ್ತೇವಾದರೂ ಅದು ತೀರಾ ಸಣ್ಣ ಹನಿಗಳ ಮಂಜು. ಅದರ ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಅವುಗಳಲ್ಲಿ ಕರಗಿರುವುದು ನಿಕೋಟಿನ್ ಮತ್ತು ಫ್ಲೇವರ್. ಗ್ಲೈಕಾಲ್ ಕುದಿಯುವುದು ಸುಮಾರು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ಲಿಸರಿನ್ 290ರಲ್ಲಿ. ಗ್ಲೈಕಾಲ್ ನಿಧಾನಕ್ಕಾದರೂ ಆರಿಹೋಗುತ್ತದೆ. ಗ್ಲಿಸರಿನ್ ಕೂತಲ್ಲೇ ಕೂತು ಕಿಟಕಿ ಗಾಜು, ಫ್ಯಾನಿನ ರೆಕ್ಕೆ, ಗೋಡೆಯ ಮೇಲೆ ಕಣ್ಣಿಗೆ ಬೀಳದ ಜಿಡ್ಡಿನ ಪೊರೆಯಾಗುತ್ತದೆ. ನಿಂಬೆ, ಕಿತ್ತಳೆ ಫ್ಲೇವರಿನಲ್ಲಿರುವ ಲಿಮೊನೀನ್ ಬೇಗ ಹಾರಿಹೋಗುವ ಜಾತಿ. ವೆನಿಲ್ಲಾದ ವೆನಿಲಿನ್, ಕಾಯಿಸಿದ ಸಕ್ಕರೆಯಂಥ ವಾಸನೆಯ ಈಥೈಲ್ ಮಾಲ್ಟಾಲ್ ಹಾಗಲ್ಲ. ಅವು ಆ ಜಿಡ್ಡಿನಲ್ಲಿ ಸೇರಿಕೊಂಡು ದಿನಕ್ಕಿಷ್ಟು ಎಂದು ಹೊರಬರುತ್ತಿರುತ್ತವೆ. ಮೂಗಿಗೆ ತಿಳಿಯಲು ಅವು ಬಹಳ ಕಡಿಮೆ ಸಾಕು. ಸೇದುವುದು ನಿಂತು ತಿಂಗಳಾದರೂ ವಾಸನೆ ನಿಲ್ಲದಿರುವುದಕ್ಕೆ ಇದೇ ಕಾರಣ. ಗ್ಲಿಸರಿನ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ, ಇಲ್ಲವೇ ಬಿಸಿಲು ಬಿದ್ದು ಗೋಡೆ ಕಾದ ಹೊತ್ತಿನಲ್ಲಿ ನಿಮ್ಮ ಹೆಂಡತಿ ಹೆಚ್ಚು ದೂರಿದರೆ ಅಚ್ಚರಿಪಡಬೇಡಿ.

ಎಲ್ಲವನ್ನೂ ತೊಳೆಯಲು ಹೊರಡುವ ಮೊದಲು ಜಿಡ್ಡು ಎಲ್ಲಿದೆ ಎಂದು ಪತ್ತೆ ಮಾಡಿ. ವಾಸನೆಯಿಲ್ಲದ ಬಿಳಿ ಹತ್ತಿ ಬಟ್ಟೆಯನ್ನು ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿ, ಬರೀ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ. ಒಂದರಿಂದ ಕಿಟಕಿ ಗಾಜು, ಇನ್ನೊಂದರಿಂದ ಫ್ಯಾನಿನ ರೆಕ್ಕೆ, ಮತ್ತೊಂದರಿಂದ ನೀವು ಕೂರುತ್ತಿದ್ದ ಜಾಗದ ಹಿಂದಿನ ಗೋಡೆ, ಹೀಗೆ ಪ್ರತಿಯೊಂದು ಕಡೆ ಗೇಣಗಲದಷ್ಟು ಒರೆಸಿ, ಬೇರೆ ಬೇರೆ ಗಾಜಿನ ಜಾಡಿಗೆ ಹಾಕಿ ಮುಚ್ಚಿ. ಯಾವುದಕ್ಕೂ ತಾಗಿಸದ ಒದ್ದೆ ತುಂಡೊಂದನ್ನು ಹೋಲಿಕೆಗೆ ಇನ್ನೊಂದು ಜಾಡಿಯಲ್ಲಿಡಿ. ಜಾಡಿಯ ತಳದಲ್ಲಿ ಸಂಖ್ಯೆ ಬರೆದು, ಎರಡು ಗಂಟೆ ಬೆಚ್ಚಗಿನ ಜಾಗದಲ್ಲಿಟ್ಟು, ಹೊರಗಿನಿಂದ ಬಂದ ಯಾರಾದರೂ ಒಬ್ಬರ ಕೈಗೆ ಕೊಡಿ. ಮುಚ್ಚಳ ತೆಗೆದು ಒಂದೇ ಸಲ ಮೂಸಿದರೆ ಸಾಕು, ಯಾವ ಜಾಡಿ ಎಂದು ಅವರೇ ಹೇಳುತ್ತಾರೆ. ಈ ಕೆಲಸವನ್ನು ಮಾತ್ರ ಹೆಂಡತಿಗೆ ವಹಿಸಬೇಡಿ. ತಲೆನೋವು ಅವರದು, ಪರೀಕ್ಷೆಯೂ ಅವರದೇ ಆಗಬೇಕಿಲ್ಲ.

ಪ್ರಶ್ನೆ: ಗೋಡೆ, ಕಿಟಕಿ ಎಲ್ಲ ಒರೆಸಿದ್ದಾಯಿತು. ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಉಜ್ಜಿದ್ದೂ ಆಯಿತು. ಗಾಜು ಇನ್ನೂ ಮಸುಕು, ವಾಸನೆಯೂ ಹಾಗೇ ಇದೆ. ಇನ್ನೂ ಜೋರಾದ ಕ್ಲೀನರ್ ಬೇಕೆ?

ಉತ್ತರ: ಬೇಡ. ಗ್ಲೈಕಾಲ್, ಗ್ಲಿಸರಿನ್ ಎರಡೂ ನೀರಿನಲ್ಲಿ ಪೂರ್ತಿ ಬೆರೆಯುವ ಪದಾರ್ಥಗಳು. ಅಡುಗೆ ಎಣ್ಣೆಯ ಜಿಡ್ಡಿನಷ್ಟು ಹಟ ಅವಕ್ಕಿಲ್ಲ. 5 ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಪರಿಮಳವಿಲ್ಲದ ಲಿಕ್ವಿಡ್ ಒಂದು ಟೀ ಚಮಚ ಹಾಕಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಸೋಪೇ ಒಂದು ಪೊರೆಯಾಗಿ ಉಳಿಯುತ್ತದೆ.

ಕೆಲಸ ಕೆಡುವುದು ಬಕೆಟ್‌ನಲ್ಲಿ. ಒಂದೇ ಬಟ್ಟೆ, ಒಂದೇ ನೀರಿನಲ್ಲಿ ಕೋಣೆ ಪೂರ್ತಿ ಒರೆಸಿದರೆ ಈ ಗೋಡೆಯ ಗ್ಲಿಸರಿನ್ ಆ ಗೋಡೆಗೆ ಹೋಗುತ್ತದೆಯೇ ಹೊರತು ಮನೆಯಿಂದ ಆಚೆ ಹೋಗುವುದಿಲ್ಲ. ಸೋಪು ನೀರಿಗೊಂದು ಬಕೆಟ್, ಬಟ್ಟೆ ಅಲುಬಲು ಇನ್ನೊಂದು ಇಟ್ಟುಕೊಳ್ಳಿ. ಬಟ್ಟೆಯನ್ನು ಮೊದಲು ಎರಡನೆಯದರಲ್ಲಿ ಅಲುಬಿ, ಹಿಂಡಿ, ಆಮೇಲೆ ಸೋಪು ನೀರಿಗೆ ಅದ್ದಿ. ಒಂದು ಗೋಡೆ ಮುಗಿದಾಗ ಅಲುಬುವ ನೀರು ಚೆಲ್ಲಿ ಹೊಸದು ತುಂಬಿ. ಫ್ಯಾನು, ಟ್ಯೂಬ್‌ಲೈಟಿನ ಪಟ್ಟಿ, ಕಪಾಟಿನ ನೆತ್ತಿ ಮೊದಲು, ನೆಲ ಕೊನೆಗೆ. ಕರೆಂಟಿನ ವಸ್ತುಗಳನ್ನು ಸ್ವಿಚ್ ಆರಿಸಿದ ಮೇಲೆಯೇ ಮುಟ್ಟಿ. ಗೋಡೆಯನ್ನು ಮಾತ್ರ ಕೆಳಗಿನಿಂದ ಮೇಲಕ್ಕೆ ತೊಳೆಯಬೇಕು. ಮೇಲಿನಿಂದ ಶುರುಮಾಡಿದರೆ ಕೊಳೆ ನೀರು ಒಣಗೋಡೆಯ ಮೇಲೆ ಇಳಿದು ಗೆರೆ ಬೀಳುತ್ತದೆ, ಆ ಗೆರೆ ಸುಲಭಕ್ಕೆ ಹೋಗುವುದಿಲ್ಲ. ಕೊನೆಗೆ ಬರೀ ನೀರಿನಿಂದ ಒಂದು ಸಲ, ಒಣ ಬಟ್ಟೆಯಿಂದ ಒಂದು ಸಲ. ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಗೋಡೆಯಾದರೆ ಬಣ್ಣವೇ ಬಟ್ಟೆಗೆ ಬರಬಹುದು. ಕಪಾಟಿನ ಹಿಂದೆ ಒಂದು ಮೂಲೆಯಲ್ಲಿ ಮೊದಲು ನೋಡಿ.

ಗಾಜು ಸ್ವಚ್ಛವಾಯಿತೋ ಇಲ್ಲವೋ ತಿಳಿಯಲು ಅದರ ಹತ್ತಿರ ಹೋಗಿ "ಹಾ" ಎಂದು ಉಸಿರು ಬಿಡಿ. ಉಸಿರಿನ ಮಂಜು ಸಮನಾಗಿ ಕೂತು ಸಮನಾಗಿ ಮಾಯವಾದರೆ ಸರಿ. ಪಟ್ಟೆ ಪಟ್ಟೆಯಾಗಿ, ಬಟ್ಟೆ ಓಡಾಡಿದ ಗುರುತು ಕಂಡರೆ ಜಿಡ್ಡು ಇನ್ನೂ ಇದೆ ಎಂದೇ ಅರ್ಥ.

ವಿನೆಗರ್ ಮತ್ತು ಸೋಡಾ ಬೆರೆಸಿದರೆ ನೊರೆ ಬರುತ್ತದೆ, ನೋಡಲು ಚೆನ್ನ. ಆದರೆ ಒಂದರ ಗುಣವನ್ನು ಇನ್ನೊಂದು ಕಳೆದು ಕೊನೆಗೆ ಉಳಿಯುವುದು ಉಪ್ಪುನೀರಿನಂಥದ್ದು. ನಿಕೋಟಿನ್ ಕ್ಷಾರ ಗುಣದ್ದಾದ್ದರಿಂದ ಅದನ್ನು ತೆಗೆಯಲು ಹುಳಿ ಉಪಯೋಗಕ್ಕೆ ಬರುವುದು ನಿಜ. ಹುಳಿಯ ಜೊತೆ ಅದು ನೀರಿನಲ್ಲಿ ಕರಗುವ ಲವಣವಾಗುತ್ತದೆ. ಆದರೆ ವಾಸನೆ ಆಗದವರ ಮನೆಯಲ್ಲಿ ವಿನೆಗರ್‌ನ ಘಾಟು ಏಕೆ? ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ ಬಳಸಿ, ಅದಕ್ಕೆ ವಾಸನೆಯಿಲ್ಲ. ಅಮೃತಶಿಲೆಗೆ ಮಾತ್ರ ತಾಗಿಸಬೇಡಿ, ಹೊಳಪು ತಿನ್ನುತ್ತದೆ. ಬ್ಲೀಚ್ ಇದ್ದ ಕಡೆ ವಿನೆಗರಾಗಲಿ ಸಿಟ್ರಿಕ್ ಆಸಿಡ್ ಆಗಲಿ ಸೇರಲೇಬಾರದು. ಕ್ಲೋರಿನ್ ಅನಿಲ ಏಳುತ್ತದೆ.

ಎರಡು ಸಲ ತೊಳೆದ ಮೇಲೂ ಗೋಡೆಯ ಜಾಡಿ ನಾರಿದರೆ ವಾಸನೆ ಬಣ್ಣದೊಳಕ್ಕೆ ಇಳಿದಿದೆ. ಆಗ ವಾಸನೆ ತಡೆಯುವ ಪ್ರೈಮರ್ ಹೊಡೆದು ಮೇಲೆ ಬಣ್ಣ ಬಳಿಯಬೇಕು. ತೊಳೆಯದ ಗೋಡೆಗೆ ಪ್ರೈಮರ್ ಹಿಡಿಯುವುದಿಲ್ಲ, ಹಪ್ಪಳೆ ಏಳುತ್ತದೆ. ಆ ದಿನಗಳಲ್ಲಿ ವಾಸನೆ ಆಗದವರು ಬೇರೆಡೆ ಇರುವುದೇ ಲೇಸು, ಪ್ರೈಮರ್‌ನ ವಾಸನೆ ವೇಪ್‌ಗಿಂತ ಕೆಟ್ಟದ್ದು.

ಪ್ರಶ್ನೆ: ನನಗೆ ವಾಸನೆ ಆಗುವುದಿಲ್ಲವೆಂದು ನಮ್ಮವರು ಏರ್ ಪ್ಯೂರಿಫೈಯರ್ ತಂದರು. ಮೊದಲ ವಾರ ಹಾಯೆನಿಸಿತು. ಈಗ ಆ ಯಂತ್ರದಿಂದಲೇ ಸಿಹಿ ವಾಸನೆ ಬರುತ್ತಿದೆ. ಎ.ಸಿ. ಹಾಕಿದ ಮೊದಲ ಐದು ನಿಮಿಷವೂ ಇದೇ ಕಥೆ. ಓಝೋನ್ ಬಿಡುವ ಯಂತ್ರ ತರಿಸೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಓಝೋನ್‌ಗೆ ಒಪ್ಪಬೇಡಿ. ಮನುಷ್ಯರಿಗೆ ತೊಂದರೆ ಮಾಡದಷ್ಟು ಓಝೋನ್ ವಾಸನೆಯನ್ನು ತೆಗೆಯುವುದಿಲ್ಲ. ವಾಸನೆ ತೆಗೆಯುವಷ್ಟು ಬಿಟ್ಟರೆ ಶ್ವಾಸಕೋಶ ಕೆರಳುತ್ತದೆ. ಅದೂ ಸಾಲದೆಂದು, ಲಿಮೊನೀನ್‌ನಂಥ ಫ್ಲೇವರ್ ಪದಾರ್ಥಗಳ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಮತ್ತು ಅತಿಸೂಕ್ಷ್ಮ ಕಣಗಳನ್ನು ಹುಟ್ಟಿಸುತ್ತದೆ. ನಿಮ್ಮಂಥವರಿಗೆ ಇರುವುದಕ್ಕಿಂತ ಅದೇ ಹೆಚ್ಚು ಕಷ್ಟ.

ಪ್ಯೂರಿಫೈಯರ್ ತನ್ನ ಕೆಲಸ ಮಾಡಿದೆ, ಅದಕ್ಕೇ ನಾರುತ್ತಿದೆ. ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾ ಹಿಡಿಯುವಂಥದ್ದು. ವೇಪ್ ಹನಿಗಳು ಅದರಲ್ಲಿ ಸಿಕ್ಕಿಬಿದ್ದವು. ಆದರೆ ಅವು ಧೂಳಲ್ಲ, ದ್ರವ. ಫಿಲ್ಟರಿನ ಎಳೆಗಳ ಮೇಲೆ ಒದ್ದೆಯಾಗಿ ಕೂತವು, ಅದರ ಮೇಲೆ ದಿನವಿಡೀ ಫ್ಯಾನಿನ ಗಾಳಿ ಹಾಯಿತು, ಫ್ಲೇವರ್ ಆವಿಯಾಗಿ ಮತ್ತೆ ಕೋಣೆಗೆ ಬಂತು. ಆವಿಯಾದದ್ದನ್ನು ಹೆಪಾ ತಡೆಯಲಾರದು, ಅದಕ್ಕೆ ಆಕ್ಟಿವೇಟೆಡ್ ಕಾರ್ಬನ್, ಅಂದರೆ ವಾಸನೆ ಹೀರುವ ಇದ್ದಿಲು ಬೇಕು. ಅನೇಕ ಯಂತ್ರಗಳಲ್ಲಿ ಇರುವುದು ಇದ್ದಿಲ ಪುಡಿ ಮೆತ್ತಿದ ತೆಳ್ಳನೆಯ ಹಾಳೆ. ಅದರಲ್ಲಿ ಕೆಲವು ಗ್ರಾಂ ಕಾರ್ಬನ್ ಇದ್ದರೆ ಹೆಚ್ಚು. ವಾಸನೆಗೆ ಬೇಕಾದದ್ದು ಕಿಲೋ ಲೆಕ್ಕದಲ್ಲಿ, ಹರಳು ತುಂಬಿದ ಪೆಟ್ಟಿಗೆ. ಕೊಳ್ಳುವಾಗ ಕಾರ್ಬನ್ ತೂಕ ಎಷ್ಟು ಎಂದು ಕೇಳಿ. ಉತ್ತರ ಬರದಿದ್ದರೆ ಅದೇ ಉತ್ತರ.

ಮೊದಲು ಗೋಡೆ ತೊಳೆಯಿರಿ, ಆಮೇಲೆ ಹೊಸ ಫಿಲ್ಟರ್ ಹಾಕಿ. ಉಲ್ಟಾ ಮಾಡಿದರೆ ಹೊಸ ಫಿಲ್ಟರೂ ಕೆಲವೇ ವಾರಗಳಲ್ಲಿ ಹಳೆಯದರಂತೆಯೇ ಆಗುತ್ತದೆ.

ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಇದ್ದ ಗಾಳಿಯನ್ನೇ ತಿರುಗಿಸುತ್ತದೆ. ತಣ್ಣನೆಯ ಕಾಯಿಲ್ ಮೇಲೆ ಗ್ಲಿಸರಿನ್ ಮತ್ತು ಧೂಳು ಸೇರಿ ಅಂಟಾಗುತ್ತದೆ. ಯಂತ್ರ ಶುರುವಾದಾಗ ಅದರ ಮೇಲೆ ತೇವ ಕೂತು, ಅಂಟಿನೊಳಗಿನ ವಾಸನೆ ಹೊರಗೆ ಬರುತ್ತದೆ. ಆ ಐದು ನಿಮಿಷದ ಕಥೆ ಇದು. ಮೇನ್ ಸ್ವಿಚ್ ಆರಿಸಿ, ಜಾಲರಿ ಫಿಲ್ಟರ್ ಕಳಚಿ, ಎರಡು ಮೂರು ಹನಿ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಿ. ಕಾಯಿಲನ್ನು ನೀವೇ ಉಜ್ಜಲು ಹೋಗಬೇಡಿ, ತಗಡಿನ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಮೆಕ್ಯಾನಿಕ್ ಬಂದಾಗ, ಕೆಲಸ ಶುರುವಾಗುವ ಮೊದಲೇ ಪರಿಮಳದ ಕ್ಲೀನರ್ ಬೇಡ ಎಂದು ಹೇಳಿ. ಅದು ಒಮ್ಮೆ ಒಳಗೆ ಹೋದರೆ ವಾರಗಟ್ಟಲೆ ಅದರದೇ ಕಾಟ.

ಪ್ರಶ್ನೆ: ಬಾಲ್ಕನಿಯಲ್ಲಿ ಸೇದಿದರೂ ಒಳಗೆ ವಾಸನೆ ಬರುತ್ತದಂತೆ. ಬಾಗಿಲು ಮುಚ್ಚಿಯೇ ಇರುತ್ತದೆ. ಅದರ ಬದಲು ಎಕ್ಸಾಸ್ಟ್ ಫ್ಯಾನ್ ಇರುವ ಕೋಣೆಯೇ ವಾಸಿಯೇ?

ಉತ್ತರ: ಬಾಲ್ಕನಿಯೇ ವಾಸಿ, ಆದರೆ ಆಗ ಒಳಗೆ ಯಾವ ಫ್ಯಾನ್ ತಿರುಗುತ್ತಿದೆ ನೋಡಿ. ಅಡುಗೆಮನೆ ಅಥವಾ ಬಚ್ಚಲಿನ ಎಕ್ಸಾಸ್ಟ್ ಚಾಲೂ ಇದ್ದರೆ ಅದು ಹೊರಹಾಕಿದಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಬಾಲ್ಕನಿ ಬಾಗಿಲಿನ ಸಂದಿ ಅದಕ್ಕೆ ಹೇಳಿಮಾಡಿಸಿದ ದಾರಿ. ಸಂದಿಯ ಮುಂದೆ ಟಿಶ್ಯೂ ಕಾಗದದ ಒಂದು ಪದರ ಇಳಿಬಿಡಿ. ಅದು ಮನೆಯ ಕಡೆ ವಾಲಿದರೆ ನಿಮ್ಮ ಮಂಜು ಒಳಗೆ ಹೋಗುತ್ತಿದೆ. ಆ ಫ್ಯಾನನ್ನು ಆರಿಸಿ, ಬಾಗಿಲಿಗೆ ರಬ್ಬರ್ ಪಟ್ಟಿ ಅಂಟಿಸಿ.

ಎರಡನೆಯ ದಾರಿ ನೀವೇ. ಕೊನೆಯ ದಮ್ಮು ಎಳೆದ ಮೇಲೂ ಕೆಲವು ಉಸಿರುಗಳಲ್ಲಿ ಫ್ಲೇವರ್ ಬರುತ್ತಿರುತ್ತದೆ. ಹತ್ತು ನಿಮಿಷ ಹೊರಗೇ ನಿಲ್ಲಿ, ನೀರು ಕುಡಿಯಿರಿ. ಒಳಗೆ ಬಂದ ಕೂಡಲೇ ಕೈ, ಮುಖ ತೊಳೆಯಿರಿ. ಮೀಸೆ ಗಡ್ಡ ಇದ್ದರೆ ಅದನ್ನೂ, ಏಕೆಂದರೆ ಹನಿಗಳು ಮೊದಲು ಕೂರುವುದು ಅಲ್ಲೇ. ಸೇದುವಾಗ ಹಾಕುವ ಅಂಗಿಯೊಂದನ್ನು ಬೇರೆಯೇ ಇಟ್ಟು ಹೊರಗಿನ ಗೂಟಕ್ಕೆ ನೇತುಹಾಕಿ.

ಕೋಣೆಯ ಲೆಕ್ಕ ನಿಮಗೆ ಪರವಡಿಸುವುದಿಲ್ಲ. 3 ಮೀಟರ್, 4 ಮೀಟರ್ ಅಗಲ ಉದ್ದ, 2.8 ಮೀಟರ್ ಎತ್ತರವಾದರೆ ಸುಮಾರು 34 ಘನ ಮೀಟರ್ ಗಾಳಿ. ಗಂಟೆಗೆ 150 ಘನ ಮೀಟರ್ ಎಳೆಯುವ ಫ್ಯಾನು ಅಷ್ಟು ಗಾಳಿಯನ್ನು 13–14 ನಿಮಿಷಕ್ಕೊಮ್ಮೆ ಬದಲಿಸುತ್ತದೆ. ಆದರೆ ಹೊಸ ಗಾಳಿ ಹಳೆಯದರಲ್ಲಿ ಬೆರೆಯುತ್ತಲೇ ಹೋಗುವುದರಿಂದ, ಒಂದು ಸಲ ಬದಲಾದಾಗ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇನ್ನೂ ಉಳಿದಿರುತ್ತದೆ. ನೂರಕ್ಕೆ ಐದಕ್ಕೆ ಇಳಿಯಲು ಮೂರು ಸಲ, ಅಂದರೆ 40 ನಿಮಿಷ. ಫ್ಯಾನಿನ ಡಬ್ಬದ ಮೇಲಿನ ಸಂಖ್ಯೆ ಅಡ್ಡಿಯಿಲ್ಲದ ಗಾಳಿಯದು. ಧೂಳು ಕಟ್ಟಿದ ಜಾಲರಿ, ಬಾಗಿದ ಪೈಪು ಇದ್ದು ಎಳೆತ ಅರ್ಧವಾದರೆ 80 ನಿಮಿಷ. ಅಷ್ಟರೊಳಗೆ ಒಂದು ಪಾಲು ಗೋಡೆ ಸೇರಿರುತ್ತದೆ. ಫ್ಲೇವರ್ ಇಲ್ಲದ ವೇಪ್ ಲಿಕ್ವಿಡ್‌ಗೆ ಬದಲಿಸಿದರೆ ವಾಸನೆ ಬಹಳ ಇಳಿಯುತ್ತದೆ, ಆದರೆ ನಿಕೋಟಿನ್ ಕೂರುವುದು ನಿಲ್ಲುವುದಿಲ್ಲ. ಮನೆಯಲ್ಲಿ ವಾಸನೆ ಆಗದವರಿಗೆ ಉಬ್ಬಸ, ಎದೆ ಬಿಗಿತ ಇದ್ದರೆ ಇದು ವಾಸನೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ವೈದ್ಯರಿಗೆ ತೋರಿಸಿ. ನೀವು ಬಿಡುವ ವಿಚಾರವನ್ನೂ ಅಲ್ಲೇ ಕೇಳಬಹುದು.

ಪ್ರಶ್ನೆ: ಪರದೆ, ಕುಶನ್ ಕವರ್ ಒಗೆದು ಕಂಫರ್ಟ್ ಥರದ ಸಾಫ್ಟನರ್ ಹಾಕಿದೆ. ಈಗ ಮನೆಯಲ್ಲಿ ವಾಸನೆ ಆಗದವರಿಗೆ ಎರಡು ವಾಸನೆ.

ಉತ್ತರ: ಸಾಫ್ಟನರ್ ಬಟ್ಟೆಯ ಎಳೆಗೆ ಪೊರೆ ಹಚ್ಚುತ್ತದೆ, ವಾಸನೆ ಅದರಡಿ ಹಾಗೇ ಉಳಿಯುತ್ತದೆ. ಬಟ್ಟೆ ತಾಳುವುದಾದರೆ 40 ಡಿಗ್ರಿ ನೀರಿನಲ್ಲಿ, ಮೆಷಿನ್ ಅರ್ಧ ಮಾತ್ರ ತುಂಬಿ, ಪರಿಮಳವಿಲ್ಲದ ಪುಡಿ ಹಾಕಿ ಮತ್ತೆ ಒಗೆಯಿರಿ. ಒಂದು ಸಲ ಹೆಚ್ಚಿಗೆ ಜಾಲಾಡಿಸಿ, ಗಾಳಿಯಾಡುವ ಕಡೆ ಒಣಹಾಕಿ. ಲೇಬಲ್ ಮೇಲೆ "ಫ್ರಾಗ್ರೆನ್ಸ್ ಫ್ರೀ" ಎಂದಿರುವುದನ್ನು ಆರಿಸಿ. "ಅನ್‌ಸೆಂಟೆಡ್" ಎಂದರೆ ಕೆಲವೊಮ್ಮೆ ಮೂಲ ವಾಸನೆ ಮುಚ್ಚಲು ಇನ್ನೊಂದು ಗಂಧ ಹಾಕಿರುತ್ತಾರೆ. ರೂಮ್ ಫ್ರೆಶ್ನರ್, ಸುಗಂಧದ ಮೇಣದಬತ್ತಿಗೂ ಇದೇ ಮಾತು.

ಪ್ರಶ್ನೆ: ಎಲ್ಲವನ್ನೂ ತೊಳೆದಾಯಿತು. ಮಲಗುವ ಕೋಣೆಯ ಒಂದು ಮೂಲೆಯಲ್ಲಿ ಮಾತ್ರ ವಾಸನೆ, ಕೆಲವೊಮ್ಮೆ ಸೀದಂತೆ.

ಉತ್ತರ: ಆ ಮೂಲೆಯ ಡ್ರಾಯರ್ ತೆಗೆದು ನೋಡಿ. ಅಡ್ಡ ಬಿದ್ದ ಲಿಕ್ವಿಡ್ ಬಾಟಲಿ, ಒಸರುವ ಪಾಡ್ (ವೇಪಿನ ಲಿಕ್ವಿಡ್ ತುಂಬುವ ಪುಟ್ಟ ಡಬ್ಬಿ), ಪಾಡ್ ಒರೆಸಿ ಬಿಸಾಡಿದ ಟಿಶ್ಯೂ ಇರುವ ಕಸದ ಬುಟ್ಟಿ, ಇವುಗಳಲ್ಲಿ ಒಂದು ಸಿಗುತ್ತದೆ. ಸೀದ ವಾಸನೆ ವೇಪಿನೊಳಗೆ ಲಿಕ್ವಿಡ್ ಕಾಯಿಸುವ, ಸುಟ್ಟ ಕಾಯಿಲ್‌ನದು: ಬತ್ತಿ ಒಣಗಿದಾಗ ಗ್ಲಿಸರಿನ್ ಅತಿಯಾಗಿ ಕಾದು ಒಡೆದು ಅಕ್ರೋಲೀನ್ ಎಂಬ ಘಾಟು ಪದಾರ್ಥವಾಗುತ್ತದೆ. ಅಂಥ ಕಾಯಿಲನ್ನು ಬದಲಿಸಿ. ಹೊಸದಕ್ಕೆ ಲಿಕ್ವಿಡ್ ತುಂಬಿದ ಮೇಲೆ ಬತ್ತಿ ನೆನೆಯಲು ಹತ್ತು ನಿಮಿಷ ಬಿಡಿ, ವ್ಯಾಟ್ ಕಡಿಮೆ ಇಡಿ. ಚೆಲ್ಲಿದ ಲಿಕ್ವಿಡ್ ಒರೆಸುವಾಗ ಕೈಗವಸು ಇರಲಿ, ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಬಾಟಲಿ, ಹಳೆಯ ಕಾಯಿಲ್ ಎಲ್ಲ ತಿರುಪು ಮುಚ್ಚಳದ ಜಾಡಿಯಲ್ಲಿ, ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದ ಎತ್ತರದಲ್ಲಿ ಇಡಿ. ಚಾರ್ಜ್ ಆಗುತ್ತಿರುವ ವೇಪನ್ನು ಮಾತ್ರ ಡಬ್ಬಿಯೊಳಗೆ ಮುಚ್ಚಬೇಡಿ, ಬ್ಯಾಟರಿಯ ಬಿಸಿಗೆ ದಾರಿ ಬೇಕು.